ಸೋಮವಾರ ಬರ್ತೇನಿ

ಆರು ವರ್ಷಗಳಲ್ಲಿ ನನ್ನನ್ನು ನೆನೆಸಿಕೊಂಡು ಪತ್ರ ಬರೆದದ್ದು ಒಂದು ಗೇಮ್ ಕಂಪನಿ. ‘ಕಲ್ಮೇಶ್, ನೀವಿಲ್ಲದೆ ನಮಗೆ ಬೇಸರವಾಗಿದೆ’ ಎಂದು ಇಮೇಲ್ ಕಳಿಸಿತ್ತು. ಬೇಸರವಂತೆ. ಲಕ್ಷಾಂತರ ಜನರಿಗೆ ಒಂದೇ ಏಟಿಗೆ ಕಳಿಸಿದ ಬೇಸರ. ಅಳಿಸಿ ಹಾಕಬೇಕೆಂದು ಬೆರಳಿಟ್ಟವನು ಯಾಕೋ ಕೆಳಗೆ ಓದಿದೆ. ಆಟವನ್ನು ಹಿಗ್ಗಿಸುವ ಹೊಸ ಎಕ್ಸ್‌ಪ್ಯಾನ್ಷನ್ ಬಂದಿದೆ, ಮರಳಿ ಬರುವ ಹಳೆಯ ಆಟಗಾರರಿಗೆ ವಿಶೇಷ ಸೌಲಭ್ಯಗಳಿವೆ, ನಿಮ್ಮ ಗೆಳೆಯರು ನಿಮಗಾಗಿ ಕಾಯುತ್ತಿದ್ದಾರೆ ಎಂದಿತ್ತು.

ಗೆಳೆಯರು ಎಂಬ ಮಾತಿಗೆ ಮೈ ಉರಿಯಿತು. ನನಗಿದ್ದದ್ದು ಒಬ್ಬನೇ ಗೆಳೆಯ. ಆರು ವರ್ಷದ ಹಿಂದೆ ಒಂದು ಸೋಮವಾರ ಬರುತ್ತೇನೆಂದು ಹೇಳಿ ಅವನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವನನ್ನು ಕೇಳಬೇಕಿತ್ತು. ನಾನು ಆ ಆಟಕ್ಕೆ ಮರಳಿ ಹೋದದ್ದು ಅದೊಂದಕ್ಕೇ. ಕಂಪನಿಯ ಸೌಲಭ್ಯ ಕಟ್ಟಿಕೊಂಡು ನನಗೇನಾಗಬೇಕಿತ್ತು?

ನಾನು ಇಂಡಿಯಲ್ಲಿ ಕಾಟಾ ಆಪರೇಟರ್. ಲಾರಿ, ಟ್ರ್ಯಾಕ್ಟರುಗಳನ್ನು ಹೇರಿನ ಸಮೇತ ತೂಗುವ ಕಾಟಾ. ಕಬ್ಬಿನ ಹಂಗಾಮಿನಲ್ಲಿ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಹಂಗಾಮು ಮುಗಿದರೆ ದಿನಕ್ಕೆ ನಾಲ್ಕು ಲಿಂಬೆಹಣ್ಣಿನ ಟೆಂಪೋ ಬಂದರೆ ಹೆಚ್ಚು. ಈ ಕೆಲಸವನ್ನು ನಾನು ಹಿಡಿದದ್ದು ಇಲ್ಲಿ ಮಾತಾಡಬೇಕಿಲ್ಲ ಎಂದು. ತೂಕವನ್ನು ಹೊರಗಿನ ಬೋರ್ಡು ಕೆಂಪು ಅಂಕಿಗಳಲ್ಲಿ ತಾನೇ ತೋರಿಸುತ್ತದೆ, ಚೀಟಿ ತಾನೇ ಹೊರಬೀಳುತ್ತದೆ, ನಾನು ಗಾಜಿನ ಹಿಂದೆ ಕುಳಿತು ಕೈ ಮಾಡಿದರೆ ಸಾಕು.

ನನಗೆ ಉಗ್ಗು. ಅದರಲ್ಲೂ ‘ಬ’ ಅಕ್ಷರಕ್ಕೆ ನನ್ನ ಮೇಲೆ ಏನು ಹಗೆಯೋ ಗೊತ್ತಿಲ್ಲ. ಒಮ್ಮೆ ಬಬಲೇಶ್ವರಕ್ಕೆ ಚಿಕ್ಕಪ್ಪನ ಮಗನ ಮದುವೆಗೆಂದು ಹೊರಟು, ಬಸ್ಸಿನಲ್ಲಿ ‘ಬ, ಬ’ ಎನ್ನುತ್ತ ಕುಳಿತಿದ್ದೆ. ಕಂಡಕ್ಟರ್ “ಬಿಜಾಪುರ ಅನ್ನಾಕ ಇಷ್ಟೊತ್ತೇನ್ರಿ” ಎಂದು ಚೀಟಿ ಕೊಟ್ಟ. ನಾನು ಹೂಂ ಎಂದು ತಲೆಯಾಡಿಸಿದೆ. ಬಿಜಾಪುರದಲ್ಲಿ ಇಳಿದು, ಒಂದು ಚಹಾ ಕುಡಿದು, ತಿರುಗಿ ಬಂದೆ. ಹೆಣ್ಣು ನೋಡಲು ಹೋದ ಮೂರು ಕಡೆಯೂ ನನ್ನ ಹೆಸರು ಕೇಳಿದರು. ಕಲ್ಮೇಶ ಎಂದು ನಾನು ಮುಗಿಸುವಷ್ಟರಲ್ಲಿ ಅವರು ಕೊಟ್ಟ ಚಹಾ ಆರಿ ಹೋಗಿತ್ತು. ನಾಲ್ಕನೆಯ ಕಡೆ ನಾನೇ ಹೋಗಲಿಲ್ಲ.

ಬರೆಯಲು ಕುಳಿತರೆ ಮಾತ್ರ ನನ್ನನ್ನು ಹಿಡಿಯುವವರಿಲ್ಲ. “ಬಾಯಾಗ ಬರಲಾರದ ಸಿಟ್ಟೆಲ್ಲಾ ನಿನ್ನ ಬೆರಳಿಗೆ ಬಂದ ಕುಂತೈತಿ” ಎಂದು ಹೊರ್ತಿಯಲ್ಲಿರುವ ಅಕ್ಕ ರಾಜೇಶ್ವರಿ ನನ್ನ ಮೆಸೇಜು ಓದಿದಾಗಲೆಲ್ಲ ಬೈಯುತ್ತಾಳೆ. ಅವಳು ಹೇಳುವುದು ಸರಿಯೇ. ಸಿಟ್ಟು ನನ್ನ ಮೂಗಿನ ತುದಿಯಲ್ಲಲ್ಲ, ಬೆರಳ ತುದಿಯಲ್ಲಿದೆ.

ಅದಕ್ಕೇ ಆ ಗೇಮು ನನಗೆ ಹಿಡಿಸಿದ್ದು. ಥಾರ್ನ್‌ವೆಲ್ ಎಂದು ಅದರ ಹೆಸರು. ಸಾವಿರಾರು ಜನ ಏಕಕಾಲಕ್ಕೆ ಆನ್‌ಲೈನ್ ಬಂದು, ಒಬ್ಬೊಬ್ಬರು ಒಂದೊಂದು ವೇಷ ತೊಟ್ಟು, ಕಾಡು ಗುಹೆ ಕೋಟೆಗಳಲ್ಲಿ ತಿರುಗುವ ಆಟ. ಮಾತೆಲ್ಲ ಟೈಪಿನಲ್ಲಿ. ಅಲ್ಲಿ ನಾವು ನಾಲ್ವರು ಸೇರಿ ಒಂದು ಗುಂಪು ಕಟ್ಟಿದ್ದೆವು. ಅದಕ್ಕೆ ಗಿಲ್ಡ್ ಎನ್ನುತ್ತಾರೆ. ಇಂಡಿಯವನು ನಾನು, ಒಬ್ಬ ಸಿಂದಗಿಯವನು, ಒಬ್ಬ ಮುದ್ದೇಬಿಹಾಳದವನು, ಒಬ್ಬ ಬಸವನ ಬಾಗೇವಾಡಿಯವನು. ಗಿಲ್ಡಿಗೆ ‘ನಾಕ ತಾಲೂಕ’ ಎಂದು ಹೆಸರಿಟ್ಟವನು ನಾನೇ, ಮುಖ್ಯಸ್ಥನೂ ನಾನೇ. ಫೋನ್ ನಂಬರು ಕೇಳಬಾರದು, ಸ್ವಂತ ಹೆಸರು ಹೇಳಬಾರದು ಎಂಬ ನಿಯಮವನ್ನೂ ನಾನೇ ಮಾಡಿದ್ದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ನಂಬರು ಕೊಟ್ಟರೆ ಫೋನು ಬರುತ್ತದೆ, ಫೋನು ಬಂದರೆ ಮಾತಾಡಬೇಕಾಗುತ್ತದೆ.

ಅಲ್ಲಿ ನನ್ನ ಹೆಸರು ಕಾಟಾಕಿಂಗ್. ದೊಡ್ಡ ಗುರಾಣಿ ಹಿಡಿದು ಮುಂದೆ ನಿಂತು ಪೆಟ್ಟು ತಿನ್ನುವವನು. ಬಾಗೇವಾಡಿಯವನ ಹೆಸರು ಮುಲಾಮ್. ನನ್ನ ಹಿಂದೆ ನಿಂತು ನನ್ನ ಗಾಯ ವಾಸಿ ಮಾಡುವವನು. ಸಿಂದಗಿಯವನಿಗೆ ವರ್ಷದೊಳಗೆ ಬೇಸರ ಬಂತು, ಮುದ್ದೇಬಿಹಾಳದವನ ಕಂಪ್ಯೂಟರ್ ಕೆಟ್ಟು ಹೋಯಿತು. ಕಡೆಯ ಎಂಟು ತಿಂಗಳು ನಾವಿಬ್ಬರೇ ಇದ್ದೆವು. ಸಂಜೆ ಕಾಟಾದಿಂದ ಬಂದು ರೊಟ್ಟಿ ತಿಂದು ಕುಳಿತರೆ ಮುಲಾಮ್ ಬಂದೇ ಇರುತ್ತಿದ್ದ. ಮಳೆ, ರೊಟ್ಟಿ, ಪಲ್ಯ, ಅವನ ಅಬ್ಬಾನ ಮೊಣಕಾಲು ನೋವು, ನನ್ನ ಮಾಲೀಕರ ಜಿಪುಣತನ, ಎಲ್ಲ ಮಾತಾಡುತ್ತಿದ್ದೆವು. ನನ್ನ ಜನ್ಮದಲ್ಲಿ ನಾನು ಒಬ್ಬ ಮನುಷ್ಯನ ಜೊತೆ ಅಷ್ಟು ಮಾತಾಡಿದ್ದಿಲ್ಲ.

ಆ ಆಟದಲ್ಲಿ ಹಳೆಯ ಪಟ್ಟಣದ ಹೆಬ್ಬಾಗಿಲ ಹತ್ತಿರ ಕುದುರೆಗಾಡಿಗಳು ನಿಲ್ಲುವ ಒಂದು ಜಾಗವಿತ್ತು. ಎಲ್ಲಿಗೆ ಹೋಗುವುದಿದ್ದರೂ ಅಲ್ಲಿಂದಲೇ ಗಾಡಿ ಹತ್ತಬೇಕು. ಅದಕ್ಕೆ ಆಟದವರು ಏನೋ ದೊಡ್ಡ ಹೆಸರಿಟ್ಟಿದ್ದರು. ನಾವು ಸ್ಟ್ಯಾಂಡ್ ಎನ್ನುತ್ತಿದ್ದೆವು. ದಿನಾ ಸ್ಟ್ಯಾಂಡಿನಲ್ಲಿ ಕೂಡುವುದು, ಅಲ್ಲಿಂದ ಹೊರಡುವುದು. ಆಟ ಮುಗಿಸಿ ಏಳುವಾಗ ‘ಬರ್ತೇನಿ’ ಎಂದು ಬರೆಯುವುದು. ನಮ್ಮ ಕಡೆ ಎದ್ದು ಹೋಗುವವನು ಹೋಗುತ್ತೇನೆ ಎನ್ನುವುದಿಲ್ಲವಲ್ಲ. ಬಾಯಲ್ಲಿ ಒಮ್ಮೆಯೂ ಸಲೀಸಾಗಿ ಹೊರಡದ ಆ ಶಬ್ದವನ್ನು ನಾನು ಅಲ್ಲಿ ದಿನವೂ ಖುಷಿಯಿಂದ ಬರೆಯುತ್ತಿದ್ದೆ.

ಒಂದು ಶನಿವಾರ ಮುಲಾಮ್ ಕೇಳಿದ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ನಮ್ಮ ಕನ್ನಡ ಇದು:

“ಸೋಮವಾರ ನಿನಗ ರಜಾ ಐತೇನು?”

“ಐತಿ.”

“ಹಂಗಾದ್ರ ಸೋಮವಾರ ಬರ್ತೇನಿ.”

“ಬಾ. ಇದ್ದ ಇರ್ತೇನಿ.”

“ಎಷ್ಟಕ್ಕ ಬರ್ಲಿ?”

“ಹನ್ನೊಂದಕ್ಕ ಬಾ.”

“ಎಲ್ಲಿ ನಿಂದರ್ಲಿ?”

“ಸ್ಟ್ಯಾಂಡಿನ್ಯಾಗ ನಿಂದರು. ನಾ ಬಂದ ಕರ್ಕೊಂಡ ಹೋಗ್ತೇನಿ.”

ಮುಲಾಮ್ “ಖರೇನ?” ಎಂದ. ನಾನು “ಖರೇನ” ಎಂದೆ. ಇಷ್ಟು ಸಣ್ಣ ಮಾತಿಗೆ ಖರೆ ಸುಳ್ಳು ಯಾಕೆ ಎಂದು ನನಗೆ ಹೊಳೆಯಲಿಲ್ಲ. ಹೊಸದೊಂದು ಗುಹೆಗೆ ಹೋಗೋಣವೆಂದು ವಾರದಿಂದ ಅನ್ನುತ್ತಿದ್ದೆವು, ಅದಕ್ಕೇ ಇರಬೇಕು ಅಂದುಕೊಂಡೆ.

ಸೋಮವಾರ ಹತ್ತೂವರೆಗೇ ನಾನು ಆಟದ ಸ್ಟ್ಯಾಂಡಿನಲ್ಲಿ ಗುರಾಣಿ ಹಿಡಿದು ನಿಂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾನು ಎದ್ದಾಗಲೇ ಅವನು ಬಂದು ಹೋದರೆ ಏನು ಗತಿ ಎಂದು ತಟ್ಟೆಯನ್ನು ಕಂಪ್ಯೂಟರ್ ಮುಂದೆ ತಂದಿಟ್ಟುಕೊಂಡೆ. ನಾಲ್ಕಾಯಿತು. ಐದಾಯಿತು. ಇವನೂ ಬಿಟ್ಟ, ಹೇಳದೆ ಬಿಟ್ಟ, ಉಳಿದಿಬ್ಬರಿಗಾದರೂ ಒಂದು ನೆವವಿತ್ತು ಎಂದು ತಲೆ ಕೆಟ್ಟಿತು. ಆರಕ್ಕೆ ಗಿಲ್ಡಿನ ಪಟ್ಟಿ ತೆಗೆದು ಮುಲಾಮ್ ಹೆಸರಿನ ಮೇಲೆ ಮೌಸ್ ಇಟ್ಟು ‘ತೆಗೆದು ಹಾಕು’ ಒತ್ತಿದೆ. ಖಚಿತವೇ ಎಂದು ಕೇಳಿತು. ಖಚಿತ ಎಂದೆ. ಆರೂವರೆಗೆ ಗೇಮನ್ನೇ ಕಂಪ್ಯೂಟರಿನಿಂದ ಕಿತ್ತು ಹಾಕಿದೆ. ಆ ಮೇಲೆ ಆರು ವರ್ಷ ನಾನು ಯಾರ ಜೊತೆಗೂ ಮಾತಾಡಿಲ್ಲ ಎಂದರೆ ನಡೆಯುತ್ತದೆ.

ಈ ಬೇಸಿಗೆಯಲ್ಲಿ ಆ ಇಮೇಲ್ ಬಂದಾಗ ಕಬ್ಬಿನ ಹಂಗಾಮು ಮುಗಿದಿತ್ತು. ಕಾಟಾ ಖಾಲಿ ಹೊಡೆಯುತ್ತಿತ್ತು. ಅಲ್ಲಿಯ ಕಂಪ್ಯೂಟರಿನಲ್ಲೇ ಎರಡು ದಿನ ಡೌನ್‌ಲೋಡಿಗೆ ಹಾಕಿ, ಗುರುವಾರ ಬೆಳಿಗ್ಗೆ ಒಳಗೆ ಹೋದೆ.

ಆರು ವರ್ಷದಲ್ಲಿ ಮೂರು ಎಕ್ಸ್‌ಪ್ಯಾನ್ಷನ್ ಬಂದಿದ್ದವು. ಮೊದಲನೆಯದು ಸಮುದ್ರ ತಂದಿತ್ತು, ಹಡಗು ತಂದಿತ್ತು. ಎರಡನೆಯದು ಹಾರುವ ಪ್ರಾಣಿಗಳನ್ನು ತಂದಿತ್ತು. ಮೂರನೆಯದು ಮೋಡಗಳ ಮೇಲೆ ಇಡೀ ಒಂದು ದೇಶವನ್ನೇ ಕಟ್ಟಿತ್ತು. ಊರ ಹೊರಗೆ ಹೊಲ ಒಡೆದು ಪ್ಲಾಟು ಹಾಕುತ್ತಾರಲ್ಲ, ಹಾಗೆ. ಎಲ್ಲರೂ ಅಲ್ಲಿಗೆ ಹೋಗಿ ಮನೆ ಮಾಡಿದ್ದರು, ಹಳೆಯ ಊರು ಬಿಕೋ ಎನ್ನುತ್ತಿತ್ತು.

ಮರಳಿ ಬಂದವರಿಗೆ ಕೊಡುವುದು ಬಹಳವಿತ್ತು, ಸುಳ್ಳು ಹೇಳಬಾರದು. ನಾನು ಹದಿನಾಲ್ಕು ತಿಂಗಳು ಬೆವರು ಸುರಿಸಿ ಅರವತ್ತನೆಯ ಮಟ್ಟ ಮುಟ್ಟಿದ್ದೆ. ಈಗ ಒಂದು ಗುಂಡಿ ಒತ್ತಿದರೆ ತೊಂಬತ್ತು. ಕರಿಗಲ್ಲಿನ ಗುರಾಣಿಗಾಗಿ ಮುಲಾಮ್ ಮತ್ತು ನಾನು ಎಂಟು ತಿಂಗಳು ಒಂದೇ ರಾಕ್ಷಸನ ಕೈಯಲ್ಲಿ ಸತ್ತು ಸತ್ತು ಎದ್ದಿದ್ದೆವು. ಈಗ ಪುಕ್ಕಟೆಯಾಗಿ ಬಂದ ಗುರಾಣಿ ಅದರ ಮೂರು ಪಟ್ಟು ಗಟ್ಟಿ. ಹಳೆಯದು ಉಪಯೋಗವಿಲ್ಲ, ಅಳಿಸಿ ಹಾಕಲೇ ಎಂದು ಆಟವೇ ಕೇಳಿತು. ಬೇಡ ಎಂದೆ. ನನ್ನ ಹೆಸರಿನ ಪಕ್ಕದಲ್ಲಿ ಒಂದು ಹಸಿರು ಎಲೆ ಅಂಟಿಸಿದ್ದರು. ಇವನು ಮರಳಿ ಬಂದವನು, ಇವನಿಗೆ ಸಹಾಯ ಮಾಡಿದರೆ ಬಹುಮಾನವಿದೆ ಎಂದು ಅದರ ಅರ್ಥವಂತೆ. ಯಾರೋ ಒಬ್ಬ ಆಕಾಶದಿಂದ ಇಳಿದು ಬಂದ. ನನ್ನತ್ತ ಕೈಬೀಸಿದ. ಅವನ ತಲೆಯ ಮೇಲೆ ಬಹುಮಾನದ ನಕ್ಷತ್ರ ಮಿನುಗಿತು. ನಾನು ನಮಸ್ಕಾರ ಎಂದು ಟೈಪು ಮಾಡಿ ಮುಗಿಸುವಷ್ಟರಲ್ಲಿ ಹಾರಿ ಹೋದ. ಅಲ್ಲಿಯೂ ನಾನು ಮಾತಿಗೆ ತಡವಾದೆ.

ಹಳೆಯ ಪಟ್ಟಣಕ್ಕೆ ನಡೆದೇ ಹೋದೆ. ಸ್ಟ್ಯಾಂಡು ಇದ್ದಲ್ಲಿಯೇ ಇತ್ತು. ಹಾರುವ ಪ್ರಾಣಿ ಬಂದ ಮೇಲೆ ಗಾಡಿ ಯಾರಿಗೆ ಬೇಕು? ಗಾಡಿಯವ ಮಾತ್ರ ಆರು ವರ್ಷದ ಹಿಂದಿನ ಮಾತನ್ನೇ ಆಡುತ್ತ ನಿಂತಿದ್ದ. ಪಯಣಿಗನೇ, ಎಲ್ಲಿಗೆ ಹೋಗಬೇಕು? ಒಂದು ಜೀವವೂ ಇರಲಿಲ್ಲ. ನಾನು ಅಲ್ಲಿ ಸುಮಾರು ಹೊತ್ತು ನಿಂತೆ. ಮುಲಾಮ್ ಎಂದು ಹುಡುಕು ಪಟ್ಟಿಯಲ್ಲಿ ಹಾಕಿದೆ. ಹೆಸರು ಬೂದು ಬಣ್ಣದಲ್ಲಿ ಬಂತು. ಕೊನೆಯ ಬಾರಿ ಬಂದದ್ದು ಆರು ವರ್ಷಗಳ ಹಿಂದೆ ಎಂದಿತ್ತು. ತಾರೀಖು ನೋಡಿದೆ. ಅದೇ ಸೋಮವಾರ.

ಅಂದರೆ ಅವನು ಬಂದಿದ್ದ. ನಾನು ಗೇಮು ಕಿತ್ತು ಹಾಕಿದ ಮೇಲೆ ಬಂದಿದ್ದ.

ಸ್ಟ್ಯಾಂಡಿನ ಕಂಬದ ಪಕ್ಕದಲ್ಲಿ ಮೊದಲು ಇರದಿದ್ದ ಒಂದು ಬೂದು ಪೆಟ್ಟಿಗೆ ಕಂಡಿತು. ಹಳೆಯ ಅಂಚೆ ಎಂದು ಬರೆದಿತ್ತು. ಮೊದಲೆಲ್ಲ ಆಟದೊಳಗೆ ಬಂದ ಪತ್ರವನ್ನು ಮೂವತ್ತು ದಿನದಲ್ಲಿ ಓದದಿದ್ದರೆ ಅಳಿದು ಹೋಗುತ್ತಿತ್ತು. ಈ ಎಕ್ಸ್‌ಪ್ಯಾನ್ಷನ್‌ನಲ್ಲಿ ಮರಳಿ ಬಂದವರ ಅಳಿದ ಪತ್ರಗಳನ್ನೆಲ್ಲ ಹುಡುಕಿ ತಂದು ಅದರಲ್ಲಿ ಹಾಕಿದ್ದರು. ನನ್ನದು ಒಂದೇ ಪತ್ರವಿತ್ತು.

“ಕಾಟಾಕಿಂಗ್, ನಾ ಮುಲಾಮ್. ನನ್ನ ಹೆಸರ ಫಯಾಜ. ನಿನ್ನ ರೂಲ್ ಮುರದೇನಿ, ಮಾಫ ಮಾಡು. ಇವತ್ತ ಹನ್ನೊಂದಕ್ಕ ಇಂಡಿ ಸ್ಟ್ಯಾಂಡಿನ್ಯಾಗ ಇಳದ್ನಿ. ನಾಕ ಗಂಟೆತನಾ ನಿಂತಿದ್ನಿ. ಬರೂ ತಿಂಗಳ ನನ್ನ ಲಗ್ನ ಐತಿ. ಕಾರ್ಡ ಕೈಯಾಗ ಕೊಟ್ಟ ಕರೀಬೇಕು, ಮೊಬೈಲಿನ್ಯಾಗ ಕರದ್ರ ಕರದಂಗಲ್ಲ ಅಂತ ನಮ್ಮ ಅಬ್ಬಾ ಹೇಳ್ಯಾರ. ಅದಕ್ಕ ಬಂದಿದ್ನಿ. ಲಕೋಟಿ ಮ್ಯಾಲ ಬರಿಯಾಕ ನಿನ್ನ ಹೆಸರ ಗೊತ್ತಿಲ್ಲ. ಶ್ರೀ ಕಾಟಾಕಿಂಗ್, ಇಂಡಿ ಅಂತ ಬರದೇನಿ. ಕಾಟಾಕಿಂಗ್ ಅಂದ್ರ ಯಾರ್ರಿ ಅಂತ ಸ್ಟ್ಯಾಂಡಿನ್ಯಾಗ ಕಂಡ ಮಂದಿನ್ನೆಲ್ಲಾ ಕೇಳಿದ್ನಿ. ನಕ್ರು. ಚಾ ಅಂಗಡಿ ಹನಮವ್ವನ ಕಡೆ ಕಾರ್ಡ ಕೊಟ್ಟ ಬಂದೇನಿ, ನೀ ಕೇಳಿಕೋಂತ ಬಂದ್ರ ಕೊಡ್ತಾಳ. ಮನಿಗೆ ಬಂದ ನೋಡಿದ್ರ ಗಿಲ್ಡಿನ್ಯಾಗಿಂದ ನನ್ನ ತಗದ ಹಾಕೀದಿ. ಬರಬ್ಯಾಡ ಅಂದಿದ್ರ ನಾ ಬರತಿದ್ದಿಲ್ಲ, ದೋಸ್ತ. ಬರ್ತೇನಿ.”

ಹೊರಗೆ ಲಿಂಬೆಹಣ್ಣಿನ ಟೆಂಪೋ ಬಂದು ಹಾರ್ನು ಹಾಕಿತು. ತೂಗಿದೆ, ಚೀಟಿ ಕೊಟ್ಟೆ. ಎಷ್ಟು ತೂಗಿದೆನೋ ನೆನಪಿಲ್ಲ.

ಅವನು ಐದು ತಾಸು ನಿಂತಿದ್ದ ಜಾಗ ನನ್ನ ಖೋಲಿಯಿಂದ ಹತ್ತು ನಿಮಿಷದ ದಾರಿ. ಅಷ್ಟು ಹೊತ್ತೂ ನಾನು ಇನ್ನೊಂದು ಸ್ಟ್ಯಾಂಡಿನಲ್ಲಿ ಅವನನ್ನು ಬೈಯುತ್ತ ನಿಂತಿದ್ದೆ. ಬಾ ಎಂದವನು ನಾನು. ಇದ್ದೇ ಇರುತ್ತೇನೆ ಎಂದವನು ನಾನು. ಹನ್ನೊಂದು ಗಂಟೆಯನ್ನೂ ಸ್ಟ್ಯಾಂಡನ್ನೂ ಹೇಳಿದವನು ನಾನೇ. ಅವನು ಖರೇನ ಎಂದು ಕೇಳಿದ್ದು ಯಾಕೆಂದು ಈಗ ತಿಳಿಯಿತು. ಮುಖ ತೋರಿಸದ, ಹೆಸರು ಹೇಳದ ಮನುಷ್ಯ ಕೊನೆಗೂ ಮನೆಗೆ ಕರೆದನಲ್ಲ ಎಂದು ಅವನಿಗೆ ನಂಬಿಕೆಯಾಗಿರಲಿಲ್ಲ.

ಮಾಲೀಕ ಶ್ರೀಶೈಲಪ್ಪನವರಿಗೆ ಇವತ್ತು ರಜೆ ಎಂದು ಮೆಸೇಜು ಹಾಕಿ, ಕಾಟಾದ ಮುಂದೆ ಸರಪಳಿ ಎಳೆದು ಬಸ್ ಸ್ಟ್ಯಾಂಡಿಗೆ ಹೋದೆ. ಹನಮವ್ವನ ಚಹಾ ಅಂಗಡಿ ಮೊದಲಿದ್ದಲ್ಲಿ ಇರಲಿಲ್ಲ. ಹುಡುಕಿದಾಗ ರಸ್ತೆಯ ಆಚೆ ಸಿಕ್ಕಿತು. ನನ್ನ ಅಭ್ಯಾಸದಂತೆ ಕಾಟಾ ಚೀಟಿಯ ಹಿಂದೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡು ಹೋಗಿದ್ದೆ. ಮುಂದೆ ಚಾಚಿದೆ. ಮುದುಕಿ ಚೀಟಿಯನ್ನು ನೋಡಿ ನನ್ನನ್ನು ನೋಡಿದಳು.

“ನನಗೆಲ್ಲಿ ಓದಾಕ ಬರತೈತೋ ಯಪ್ಪಾ. ಬಾಯಿಲೆ ಹೇಳು.”

ಹೇಳಿದೆ. ಎಷ್ಟು ಹೊತ್ತು ಹಿಡಿಯಿತೋ ದೇವರಿಗೇ ಗೊತ್ತು. ಚಹಾ ಕುಡಿಯುತ್ತಿದ್ದ ಇಬ್ಬರು ಲೋಟ ಕೆಳಗಿಟ್ಟು ನೋಡಿದರು. ಕಾಟಾಕಿಂಗ್ ಎಂಬ ಶಬ್ದದಲ್ಲಿ ‘ಕ’ ಎರಡು ಸಲ ಸಿಕ್ಕಿಹಾಕಿಕೊಂಡಿತು. ಹನಮವ್ವ ಒಲೆ ಸಣ್ಣಗೆ ಮಾಡಿ, ನಾನು ಮುಗಿಸುವವರೆಗೂ ಕಾದಳು.

“ಅಂದ್ರ ಅಂವಾ ಹುಡುಕಾಕತ್ತಿದ್ದು ನಿನ್ನನ್ನೇನು?” ಎಂದಳು. “ಹೊಸಾ ಅಂಗಿ ಹಾಕ್ಕೊಂಡ ಬಂದಿದ್ದ. ಬಸ್ಸ ಬಂದಾಗೊಮ್ಮೆ ಎದ್ದ ನಿಂದ್ರಾಂವ, ಮತ್ತ ಬಂದ ಕೂಡಾಂವ. ಕಾಟಾ ರಾಜಾ ಯಾರು ಅಂತ ಕೇಳಿದ್ರ ಮಂದಿ ಬಿದ್ದ ಬಿದ್ದ ನಕ್ರು. ನಾನೂ ನಕ್ಕೇನಿ, ಸುಳ್ಳ ಯಾಕ ಹೇಳ್ಲಿ.”

“ಕಾ… ಕಾರ್ಡ?”

“ಎರಡ ವರ್ಷ ಲಕ್ಷ್ಮಿ ಫೋಟೊದ ಹಿಂದ ಇಟ್ಟಿದ್ನಿ. ಅಂಗಡಿ ಈ ಕಡೆ ತರೂಮುಂದ ಎಲ್ಲಿ ಬಿತ್ತೋ ಏನೋ. ನೀ ಬರಾಕ ತಡಾ ಮಾಡಿದಿ, ತಮ್ಮಾ.”

ಕಾರ್ಡಿನಲ್ಲಿ ಅವನ ಮನೆ ಇತ್ತು, ಓಣಿ ಇತ್ತು, ಅಪ್ಪನ ಹೆಸರಿತ್ತು. ಅದೆಲ್ಲ ಹೋಯಿತು. ನಾನು ಬೆಂಚಿನ ಮೇಲೆ ಕುಳಿತೆ. ಆಕೆ ಕೇಳದೆಯೇ ಒಂದು ಚಹಾ ಕೊಟ್ಟಳು.

“ಹೋಗೂಮುಂದ ಏ… ಏನಂದ?” ಎಂದು ಕೇಳಿದೆ.

“ಏನಂತಾನ. ಎಲ್ಲಾರೂ ಅನ್ನೂದ. ಬರ್ತೇನಿ ಬೇ ಅಂದ. ಬಾ ಯಪ್ಪಾ ಅಂದ್ನಿ.”

“ಬ… ಬಂದಿದ್ದನೇನು?”

“ಇಲ್ಲ,” ಎಂದಳು ಹನಮವ್ವ, ಒಲೆ ಮತ್ತೆ ದೊಡ್ಡದು ಮಾಡುತ್ತ. “ಒಮ್ಮಿ ನಿಂದರಿಸಿ ಕಳಿಸಿದ ಊರಿಗೆ ಯಾರ ಬರ್ತಾರ?”

ಚಹಾ ಮುಗಿಸಿ ಎದ್ದೆ. ಏಳುವವನು ಆಡಬೇಕಾದ ಮಾತೊಂದಿತ್ತು. ಆಡಲು ಬಾಯಿ ಬರಲಿಲ್ಲ. ಈ ಸಲ ಅದಕ್ಕೆ ನನ್ನ ಉಗ್ಗು ಕಾರಣವಲ್ಲ.

ದೇವರ ಹಿಪ್ಪರಗಿಯ ಮೇಲೆ ಹೋಗುವ ಬಾಗೇವಾಡಿ ಬಸ್ಸು ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕುಳಿತೆ. ಅರ್ಧ ಬಸ್ಸು ಖಾಲಿ. ಊರು ದಾಟಿದ ಮೇಲೆ ಕಂಡಕ್ಟರ್ ಬಂದು ಎಲ್ಲಿಗೆ ಎಂದ. “ಬ…” ಎಂದೆ. ತುಟಿ ಅಂಟಿಕೊಂಡಿತು.

“ಬಾಗೇವಾಡಿ, ಹೌದಲ್ರಿ?” ಎಂದು ಅವನು ಮಷಿನ್ನಿನ ಮೇಲೆ ಬೆರಳಿಟ್ಟ.

ಸರಿಯಾಗಿಯೇ ಹೇಳಿದ್ದ. ತಲೆಯಾಡಿಸಿದರೆ ಮುಗಿದಿತ್ತು. ಮೂವತ್ತೈದು ವರ್ಷ ನಾನು ಮಾಡಿದ್ದು ಅದನ್ನೇ. ಕೈ ಅಡ್ಡ ಹಿಡಿದೆ, ತಡೆಯಿರಿ ಎಂದು. ಅವನು ಬೇಸರದಿಂದಲೇ ನಿಂತ. ಹಿಂದಿನ ಸೀಟಿನವರು ಇಣುಕಿದರು. “ಬ… ಬಸ… ಬಸವನ ಬಾ… ಬಾಗೇವಾಡಿ” ಎಂದೆ, ಎರಡೂ ‘ಬ’ಗಳನ್ನು ದಾಟಿ, ಪೂರ್ತಿಯಾಗಿ.

ಅಭ್ಯಾಸ ಮಾಡಿಕೊಳ್ಳಲೇಬೇಕಿತ್ತು. ಆ ಊರಿನಲ್ಲಿ ಎಷ್ಟು ಜನ ಫಯಾಜರಿದ್ದಾರೋ ನನಗೆ ತಿಳಿಯದು. ನನ್ನವನನ್ನು ಹುಡುಕಬೇಕಾದರೆ ಸ್ಟ್ಯಾಂಡಿನಲ್ಲಿ ಇಳಿದು ಕಂಡ ಕಂಡವರ ಮುಂದೆ ನಿಂತು, ಮುಲಾಮ್ ಅಂದರೆ ಯಾರ್ರಿ ಎಂದು ಬಾಯಿಬಿಟ್ಟು ಕೇಳಬೇಕು. ನಗುತ್ತಾರೆ, ನಗಲಿ. ನಮ್ಮೂರಿನವರು ಅವನನ್ನು ನೋಡಿ ಐದು ತಾಸು ನಕ್ಕಿದ್ದರು.